ಮೊಸಳೆ ತೋಡು ತೆರೆಯುವ ದಿನ

ಎಲೋಡಿಯಾಗೆ ಆ ಶುಕ್ರವಾರ ಹಾಸಿಗೆಯಿಂದ ಏಳುವಾಗಲೇ ಮೈಯೆಲ್ಲ ಭಾರ. ರಾತ್ರಿಯಿಡೀ ಮಲಗಿದವಳಿಗೆ ದಣಿವು ಎಲ್ಲಿಂದ ಬಂತು ಎಂದು ಕೇಳುವವರು ಐವತ್ತು ವರ್ಷ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬಳಚು ಹೆಕ್ಕಿ ನೋಡಲಿ, ಆಮೇಲೆ ಮಾತಾಡೋಣ. ಒಂಬತ್ತನೇ ವಯಸ್ಸಿಗೆ ಅಮ್ಮನ ಬೆನ್ನಿಗೆ ಕೆಸರಿಗಿಳಿದವಳಿಗೆ ಈಗ ಐವತ್ತೊಂಬತ್ತು. ಬೆರಳ ಗಿಣ್ಣುಗಳೆಲ್ಲ ಶುಂಠಿಯ ಹಾಗೆ ಗಂಟುಗಟ್ಟಿದ್ದವು. ಆದರೂ ಏಳಲೇಬೇಕಿತ್ತು. ಭಾನುವಾರ ಮೊಸಳೆ ತೋಡು ತೆರೆಯುವ ದಿನ. ಅದಕ್ಕೆ ಮುಂಚೆ ಒಳಗೆ ಹೋಗಿ ಮಾದರಿ ಬುಟ್ಟಿ ತರುವುದು ಅವಳ ಕೆಲಸ, ಬೇರೆ ಯಾರೂ ಮಾಡುವ ಹಾಗಿಲ್ಲ.

ಕೊಲಂಬಿಯಾದ ಪಡುವಣ ಕಡಲಿನ ಅಂಚಿಗೆ ಅಂಟಿಕೊಂಡಿರುವ ಪುಂತಾ ಬಾಲ್ಸಾ ಊರು ಉಣ್ಣುವುದು ಬಳಚು ಎಂಬ ಚಿಪ್ಪುಮೀನಿನಿಂದ. ಗಂಡಸರು ಮೀನಿಗೆ ಹೋಗುತ್ತಾರೆ, ಬಂದರೆ ಬಂದರು. ಹೆಂಗಸರು ಇಳಿತದ ಹೊತ್ತಿಗೆ ಉಪ್ಪುನೀರಿನ ಕಾಂಡ್ಲಾ ಕಾಡಿನ ತೋಡುಗಳಿಗೆ, ಅಂದರೆ ಕಿರುಗಾಲುವೆಗಳಿಗೆ ಇಳಿದು, ಬೇರುಗಳ ಸಂದಿಯ ಕೆಸರಿಗೆ ಮೊಣಕೈವರೆಗೆ ಕೈಹಾಕಿ, ಕಪ್ಪು ಚಿಪ್ಪಿನ ಬಳಚನ್ನು ತಡಕಿ ತಡಕಿ ತೆಗೆಯುತ್ತಾರೆ. ಇಂಥ ತೋಡುಗಳು ಏಳಿವೆ. ಸರದಿಯ ಪ್ರಕಾರ ಒಂದೊಂದಕ್ಕೂ ಎಂಟು ತಿಂಗಳ ವಿಶ್ರಾಂತಿ. ತೋಡಿನ ಬಾಯಿಗೆ ಗೂಟ ನೆಟ್ಟು ಕೆಂಪು ಬಟ್ಟೆ ಕಟ್ಟಿದರೆ ಮುಗಿಯಿತು, ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಯಾರ ದೋಣಿಯೂ ಆ ಬಟ್ಟೆಯನ್ನು ದಾಟುವುದಿಲ್ಲ. ಗಡುವು ಮುಗಿದ ಮೇಲೆ ತೋಡು ಕಾಯುವವಳು ಒಬ್ಬಳೇ ಹೋಗಿ ಒಂದು ಬುಟ್ಟಿ ಬಳಚು ತಂದು, ಎಲ್ಲರೆದುರು ಮರದ ಅಳತೆ ಬಳೆಯೊಳಗೆ ಒಂದೊಂದನ್ನೇ ಬಿಡಬೇಕು. ಬಳೆಯೊಳಗಿಂದ ಜಾರಿ ಬಿದ್ದದ್ದು ಇನ್ನೂ ಮಗು, ಅದು ವಾಪಸು ಕೆಸರಿಗೆ. ಹತ್ತರಲ್ಲಿ ಎಂಟು ಬಳೆಯಲ್ಲಿ ಸಿಕ್ಕಿಕೊಂಡರೆ ತೋಡು ತೆರೆಯಿತು. ಹದಿನೇಳು ವರ್ಷದಿಂದ ಆ ಬಳೆ ಇದ್ದದ್ದು ಎಲೋಡಿಯಾಳ ಕೈಯಲ್ಲಿ. ಅವಳು ಸಣ್ಣದು ಎಂದರೆ ಸಣ್ಣದು, ದೊಡ್ಡದು ಎಂದರೆ ದೊಡ್ಡದು.

ಈ ಸಲ ಎಂಟು ತಿಂಗಳು ಹೋಗಿ ಹನ್ನೊಂದಾಗಿತ್ತು. ಸಮುದ್ರಕ್ಕೆ ಜ್ವರ ಬಂದ ಹಾಗೆ ನೀರು ಬಿಸಿ. ಮಳೆಗಾಲ ಎಂದು ಕರೆಯುತ್ತಿದ್ದ ತಿಂಗಳಲ್ಲಿ ಮಳೆಯಿಲ್ಲ, ಬೇಡದಾಗ ಸುರಿದು ಬೆಟ್ಟದ ಚಿನ್ನದ ಗುಂಡಿಗಳ ಕೆಂಪು ಕೆಸರನ್ನೆಲ್ಲ ನದಿಗೆ ತಂದು ಹಾಕುತ್ತಿತ್ತು. ತೆರೆದ ತೋಡುಗಳಲ್ಲಿ ದೊಡ್ಡ ಬಳಚುಗಳು ಬಾಯಿ ತೆರೆದುಕೊಂಡು ಸತ್ತು ನಾರುತ್ತಿದ್ದವು. ಭರತ ಈಗ ಅಡಿಗೆ ಮನೆಗೇ ಬರುತ್ತದೆ, ಕರೆಯದ ನೆಂಟನ ಹಾಗೆ. ಎರಡು ವರ್ಷದ ಹಿಂದೆ ರಾಜಧಾನಿಯಿಂದ ಯೋಜನೆಯವರು ಬಂದು, ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಿ ಎಂದು ದಡದಲ್ಲಿ ಬೋರ್ಡು ನೆಟ್ಟು, ಫೋಟೋ ತೆಗೆಸಿಕೊಂಡು ಹೋದರು. ಮುಂದಿನ ಹುಣ್ಣಿಮೆಯ ಭರತ ಬೋರ್ಡನ್ನೇ ಎತ್ತಿಕೊಂಡು ಹೋಯಿತು. ಒಂದು ಬುಟ್ಟಿ ತುಂಬುತ್ತಿದ್ದ ಹೆಂಗಸಿಗೆ ಈಗ ಬುಟ್ಟಿಯ ತಳ ಮುಚ್ಚಿದರೆ ಪುಣ್ಯ. ಇಷ್ಟೆಲ್ಲದರ ನಡುವೆ ಊರಿನ ಕಣ್ಣೆಲ್ಲ ಇದ್ದದ್ದು ಮೊಸಳೆ ತೋಡಿನ ಮೇಲೆ. ಇನ್ನೂ ಮೂರು ತಿಂಗಳು ಮಲಗಲಿ, ಕೊಬ್ಬಲಿ ಎಂದು ತಡೆದವಳೂ ಎಲೋಡಿಯಾಳೇ. ಬೈದುಕೊಂಡೇ ಎಲ್ಲರೂ ಒಪ್ಪಿದ್ದರು.

ನುಸಿಗೆ ತೆಂಗಿನ ಸಿಪ್ಪೆಯ ಹೊಗೆ ಹಾಕಿದ ಡಬ್ಬಿಯನ್ನು ದೋಣಿಯ ಮೂತಿಯಲ್ಲಿಟ್ಟುಕೊಂಡು, ಇಳಿತ ಶುರುವಾಗುವಾಗ ಅವಳು ಕೆಂಪು ಬಟ್ಟೆಯನ್ನು ದಾಟಿದಳು. ಹೆಸರಿಗೆ ಮೊಸಳೆ ತೋಡು. ಮೊಸಳೆ ಕಂಡವರೆಲ್ಲ ತೀರಿಕೊಂಡಿದ್ದಾರೆ, ಮೊಸಳೆಯ ಬಾಯಿಗೆ ಸಿಕ್ಕಿ ಅಲ್ಲ, ವಯಸ್ಸಾಗಿ. ಎರಡನೇ ತಿರುವು ಕಳೆಯುವಷ್ಟರಲ್ಲಿ ಯಾರೋ ಸಿಳ್ಳೆ ಹಾಕಿದರು. ಬೇರುಗಳ ಮರೆಯಿಂದ ಮೋಟಾರು ದೋಣಿಯೊಂದು ಸದ್ದಿಲ್ಲದೆ ಬಂದು ಅವಳ ದೋಣಿಗೆ ಅಡ್ಡ ನಿಂತಿತು. ಅದರಲ್ಲಿ ಬಂದೂಕು ಹಿಡಿದ ಮೂವರಿದ್ದರು. ಅವರ ಹಿಂದೆ, ಕೊಂಬೆಗಳನ್ನು ಹೊದಿಸಿದ ಬೂದುಬಣ್ಣದ ಉದ್ದನೆಯ ಹಡಗೊಂದು ಅರ್ಧ ಮುಳುಗಿ ನಿಂತಿತ್ತು. ಅದರಲ್ಲಿ ಯಾವ ಬಿಳಿ ಪುಡಿ ಸಾಗುತ್ತದೆ ಎಂದು ಆ ಕಡಲತೀರದಲ್ಲಿ ಮಕ್ಕಳಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಬನ್ನಿ ದೊಡ್ಡಮ್ಮ, ಇವತ್ತೋ ನಾಳೆನೋ ಬರ್ತೀರ ಅಂತ ಕಾಯ್ತಾ ಇದ್ದೆ" ಎಂದ ಮಧ್ಯದಲ್ಲಿ ಕೂತವನು.

ಅವನು ಯೇಸನ್, ನದಿ ಮೇಲಿನ ಊರಿನ ಎವುಲೋಹಿಯಾಳ ಮಗ. ತಾಯಿ ಬಾಳೆಕಾಯಿ ಹೊತ್ತು ಮಾರಲು ಬರುವಾಗ ಅವಳ ಲಂಗ ಹಿಡಿದು ಬರುತ್ತಿದ್ದ. ಈಗ ಈ ನೀರಿನಲ್ಲಿ ಯಾರು ಬರಬೇಕು, ಯಾರು ಹೋಗಬೇಕು, ಎಷ್ಟು ಹೊತ್ತಿಗೆ ದೀಪ ಆರಿಸಬೇಕು ಎಂದು ಹೇಳುವವನು ಅವನೇ.

"ಇಲ್ಲಿ ಏನೋ ಮಾಡ್ತಿದ್ದೀಯ? ಇದು ವಿಶ್ರಾಂತಿಗೆ ಬಿಟ್ಟ ತೋಡು" ಎಂದಳು ಎಲೋಡಿಯಾ. ಬಂದೂಕಿನ ಎದುರು ಬಾಯಿಂದ ಬಂದದ್ದು ಆ ಮಾತು. ಹದಿನೇಳು ವರ್ಷದ ಅಭ್ಯಾಸ, ಏನು ಮಾಡುವುದು.

ಯೇಸನ್ ನಕ್ಕ. "ಅದಕ್ಕೇ ಅಲ್ವಾ ಬಂದಿದ್ದು! ನಿಮ್ಮ ಕೆಂಪು ಬಟ್ಟೆ ಇದೆಯಲ್ಲ ದೊಡ್ಡಮ್ಮ, ನೂರು ಜನ ಕಾವಲಿಗಿಂತ ಮೇಲು. ಹನ್ನೊಂದು ತಿಂಗಳಲ್ಲಿ ಒಂದು ನರಪಿಳ್ಳೆ ಈ ಕಡೆ ಬಂದಿಲ್ಲ. ನಮ್ಮ ಹುಡುಗರಿಗೆ ನಿಮ್ಮ ಊರಿನ ಹೆಂಗಸರ ಶಿಸ್ತು ಕಲಿಸ್ಬೇಕು ನೋಡಿ."

ಎಲೋಡಿಯಾ ಬಂದ ದಾರಿಯ ಕಡೆಗೆ ತಿರುಗಿ ನೋಡಿದಳು. ಬಳಚಿಗೆಂದು ಹಸಿದುಕೊಂಡು ಕಾಪಾಡಿದ ಮರ್ಯಾದೆ ಇವರಿಗೆ ಬಾಗಿಲು ಹಾಕಿಕೊಟ್ಟಿತ್ತು.

"ಭಾನುವಾರ ತೆರೀಬೇಕು. ಜನ ಹಸ್ಕೊಂಡು ಕಾಯ್ತಿದ್ದಾರೆ ಕಣೋ."

"ತೆರೆಯೋ ಹಾಗಿಲ್ಲ. ಡಿಸೆಂಬರ್ ಕಳೀಲಿ. ಬಳಚು ಇನ್ನೂ ಸಣ್ಣದು ಅಂತ ನೀವೇ ಹೇಳಿ. ನೀವು ಹೇಳಿದ್ರೆ ಕೇಳ್ತಾರೆ, ನಾನು ಹೇಳಿದ್ರೆ ಹೆದರ್ತಾರೆ. ಹೆದರಿದೋರು ಮಾತಾಡ್ತಾರೆ, ಮಾತು ನೌಕಾಪಡೆಯವರ ಕಿವಿಗೆ ಬೀಳತ್ತೆ." ಅವನು ಸ್ವಲ್ಪ ಮುಂದೆ ಬಾಗಿದ. ದನಿ ಮೆತ್ತಗಾಯಿತು. "ಕೇಳಿ, ನಮ್ಮಮ್ಮನ ಜೊತೆಯವರು ಅಂತ ಹೇಳ್ತಿದ್ದೀನಿ. ಎರಡೂ ದಡದಲ್ಲಿ ಬೇರಿನ ಕೆಳಗೆ ಸಿಡಿಮದ್ದು ಹೂತಿದ್ದೀವಿ. ಎಲ್ಲೆಲ್ಲಿ ಅಂತ ಗೊತ್ತಿದ್ದವನು ಹೋದ ತಿಂಗಳು ಸತ್ತ. ನಾವೇ ದೋಣಿ ಬಿಟ್ಟು ಇಳಿಯಲ್ಲ. ಯಾರಾದ್ರೂ ಹೆಂಗಸು ಕೆಸರಿಗೆ ಕಾಲಿಟ್ಟರೆ ನನ್ನ ದೂರಬೇಡಿ."

"ತೆಗೀರೋ ಅದನ್ನ, ಪುಣ್ಯ ಬರತ್ತೆ."

"ಹೇಳಿದ್ನಲ್ಲ, ಎಲ್ಲಿದೆ ಅಂತ ಗೊತ್ತಿಲ್ಲ. ಇನ್ನೊಂದು ಮಾತು. ನಿಮ್ಮೂರಲ್ಲಿ ನಮ್ಮ ಕಿವಿ ಇದೆ. ಇಲ್ಲಿ ನೋಡಿದ್ದು ಒಬ್ಬರಿಗೆ ಹೇಳಿದ್ರೂ ಸಾಯಂಕಾಲದೊಳಗೆ ನನಗೆ ಗೊತ್ತಾಗತ್ತೆ. ಹೇಳಿದವರನ್ನೂ ಬಿಡಲ್ಲ, ಕೇಳಿದವರನ್ನೂ ಬಿಡಲ್ಲ. ಹೋಗ್ಬನ್ನಿ, ನೀರು ಇಳೀತಿದೆ."

ಅತ್ತ ದರಿ, ಇತ್ತ ಪುಲಿ. ಅವಳು ದೋಣಿ ತಿರುಗಿಸಿದಳು. ಹೋದ ವರ್ಷ ಕೆಳಗಿನ ಊರಿನಲ್ಲಿ ಹೀಗೇ ಯಾರಿಗೋ ಏನೋ ಗೊತ್ತಾಗಿತ್ತು. ಅವನು ತಂಗಿಗೆ ಹೇಳಿದ, ತಂಗಿ ಗಂಡನಿಗೆ ಹೇಳಿದಳು. ಈಗ ಆ ಊರಿನಲ್ಲಿ ಮನೆಗಳಿವೆ, ಜನರಿಲ್ಲ. ಗೊತ್ತಿಲ್ಲದವರು ಮಾತ್ರ ಬದುಕುವ ಕಾಲ ಇದು ಎಂದು ಎಲೋಡಿಯಾಗೆ ಚೆನ್ನಾಗಿ ಗೊತ್ತಿತ್ತು. ಊರಿನ ಹೆಂಗಸರಿಗೆ ಅವಳು ಕೊಡಬಹುದಾದದ್ದು ಅದೊಂದೇ, ಗೊತ್ತಿಲ್ಲದಿರುವುದು.

ಆದರೆ ಬುಟ್ಟಿ ಖಾಲಿಯಿತ್ತು. ಸಣ್ಣ ಬಳಚು ತೋರಿಸಬೇಕಿತ್ತು. ಅವಳು ತೆರೆದ ತೋಡುಗಳಲ್ಲೊಂದಾದ ಏಡಿ ತೋಡಿಗೆ ಹೋಗಿ, ಬಂಡೆಯ ಮರೆಯಲ್ಲಿ ದೋಣಿ ಕಟ್ಟಿ, ಕೆಸರಿಗಿಳಿದಳು. ಏಡಿ ತೋಡಿನಲ್ಲಿ ದೊಡ್ಡವೆಲ್ಲ ಬಿಸಿನೀರಿಗೆ ಸತ್ತು, ಬೇರಿನ ಬುಡದಲ್ಲಿ ಮರಿಗಳಷ್ಟೇ ಉಳಿದಿದ್ದವು. ಮರಿಗೆ ಕೈಹಾಕಿದ ಹುಡುಗಿಯರ ಮುಂಗೈಗೆ ದೋಣಿಯ ಹುಟ್ಟಿನಿಂದ ಬಾರಿಸಿದವಳು ಇವಳು. ಈಗ ಅವಳದೇ ಬೆರಳು ಒಂದೊಂದೇ ಮರಿಯನ್ನು ಹುಡುಕಿ ತೆಗೆಯಿತು. "ತಪ್ಪಾಯ್ತು ಕಣ್ರೋ, ತಪ್ಪಾಯ್ತು" ಎಂದು ಗೊಣಗುತ್ತಲೇ ನಲವತ್ತು ತೆಗೆದಳು.

ತೆಗೆದ ಮೇಲೆ ನೆನಪಾಯಿತು, ಮೊಸಳೆ ತೋಡಿನ ಕೆಸರು ಕೆಂಪು, ಏಡಿ ತೋಡಿನದು ಕಾಡಿಗೆಯಂಥ ಕಪ್ಪು. ವಾಪಸು ಹೋಗಿ ಮೊಸಳೆ ತೋಡಿನ ಬಾಯಿಂದ ಒಂದು ಹಿಡಿ ಕೆಂಪು ಕೆಸರು ತಂದು ಬಳಿಯಬಹುದಿತ್ತು. ಆದರೆ ಭರತ ತಿರುಗಿತ್ತು, ಕೈಕಾಲು ಸೋತಿತ್ತು, ಆ ಕಡೆ ಮತ್ತೆ ಮುಖ ಮಾಡುವ ಧೈರ್ಯವೂ ಇರಲಿಲ್ಲ. ಅದಕ್ಕೆ ಬುಟ್ಟಿಯನ್ನು ನೀರಿನಲ್ಲಿ ಅದ್ದಿ ಅದ್ದಿ ಚಿಪ್ಪುಗಳನ್ನೆಲ್ಲ ತೊಳೆದಳು. ತೊಳೆದರೆ ಯಾವ ಕೆಸರು ಎಂದು ಯಾರಿಗೆ ಗೊತ್ತಾಗುತ್ತದೆ? ಬುದ್ಧಿವಂತಿಕೆ ಎಂದುಕೊಂಡಳು. ದಣಿದ ತಲೆಗೆ ಎಲ್ಲವೂ ಬುದ್ಧಿವಂತಿಕೆಯೇ.

ಸಂಜೆ ರೋಸ್ಮೀರಾ ಬಂದಳು, ಹಿಂದೆಯೇ ಅವಳ ಮಗಳು ದೇಯ್ಸಿ. ಈ ದೇಯ್ಸಿಯನ್ನು ಇಗರ್ಜಿಯಲ್ಲಿ ಜ್ಞಾನಸ್ನಾನಕ್ಕೆ ಎತ್ತಿಕೊಂಡವಳು ಎಲೋಡಿಯಾ, ಹುಡುಗಿಗೆ ಅವಳು ಮದ್ರೀನಾ, ಜ್ಞಾನತಾಯಿ. ಅಂದಿನಿಂದ ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಕೊಮಾದ್ರೆ ಎನ್ನುತ್ತಾರೆ. ಆ ಕಡೆ ಅದು ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚಿನ ನಂಟು. ಜಗಳ ಆಡಬಹುದು, ಬಿಡುವ ಹಾಗಿಲ್ಲ.

"ಕೊಮಾದ್ರೆ, ಬುಟ್ಟಿ ಎಲ್ಲಿ ಬಚ್ಚಿಟ್ಟಿದ್ದೀಯೇ? ಒಂದೇ ಒಂದು ಬಳಚು ತೋರ್ಸು, ಕಣ್ಣಿಗೆ ಒತ್ತಿಕೊಂಡು ಕೊಡ್ತೀನಿ" ಎಂದಳು ರೋಸ್ಮೀರಾ, ಬೇಯಿಸಿದ ಬಾಳೆಕಾಯಿಯ ತಟ್ಟೆಯನ್ನು ಮುಂದಿಡುತ್ತ.

"ಭಾನುವಾರ."

"ಗೊತ್ತು ಗೊತ್ತು. ದೇವರು ವರ ಕೊಟ್ರೂ ಪೂಜಾರಿ ಕೊಡ. ಮುಖ ಯಾಕೆ ಹಾಗಿದೆ? ಸೊಂಟ ನೋವಾ?"

"ಹೂಂ, ಸೊಂಟ."

"ನಂದು ಮಂಡಿ. ನಿನ್ನ ಸೊಂಟ, ನನ್ನ ಮಂಡಿ ಸೇರಿಸಿ ಹೂತರೆ ಒಂದು ಪೂರ್ತಿ ಮುದುಕಿ ಆಗತ್ತೆ" ಎಂದು ರೋಸ್ಮೀರಾ ತಾನೇ ನಕ್ಕಳು. ಮನೆಯಲ್ಲಿ ಮೂರು ದಿನದಿಂದ ಬರೀ ಬಾಳೆಕಾಯಿ ಎಂದು ಅವಳು ಹೇಳಲಿಲ್ಲ. ತಟ್ಟೆಯಲ್ಲಿದ್ದ ಒಣಮೀನಿನ ಒಂದೇ ತುಂಡನ್ನು ಕೊಮಾದ್ರೆಯ ಕಡೆಗೆ ತಳ್ಳಿದಳು. ಎಲೋಡಿಯಾ ಅದನ್ನು ದೇಯ್ಸಿಯ ಕಡೆಗೆ ತಳ್ಳಿದಳು.

ದೇಯ್ಸಿ ಏಳು ತಿಂಗಳ ಬಸುರಿ. ಮೆಟ್ಟಿಲ ಮೇಲೆ ಕೂತು, ಎರಡೂ ಕಾಲನ್ನು ಭರತದ ನೀರಿಗೆ ಇಳಿಬಿಟ್ಟಿದ್ದಳು. "ಮದ್ರೀನಾ, ಮೊದಲನೇ ದಿನ ನಾನೇ ಎಲ್ಲರಿಗಿಂತ ಮುಂದೆ ಇಳಿಯೋದು ಆಯ್ತಾ? ಬಗ್ಗಕ್ಕೆ ಹೊಟ್ಟೆ ಅಡ್ಡ ಬರೋದ್ರೊಳಗೆ ನಾಲ್ಕು ಬುಟ್ಟಿ ಹೆಕ್ಕಬೇಕು" ಎಂದಳು.

"ನೀನು ಬರೋದು ಬೇಡ."

"ಚೆನ್ನಾಗಿದೆ! ಹೆರಿಗೆ ನೋವು ಬಂದಾಗ ತುಮಾಕೋ ಆಸ್ಪತ್ರೆಗೆ ದೋಣಿ ಬೇಕಲ್ವಾ? ಪೆಟ್ರೋಲಿನ ಬದ್ಲು ಉಪ್ಪುನೀರು ಹುಯ್ಯಲಾ?"

ಎಲೋಡಿಯಾ ಆ ಕಾಲುಗಳನ್ನೇ ನೋಡುತ್ತ ಕೂತಳು. ಹೇಳಿಬಿಡಲೇ? ರೋಸ್ಮೀರಾ ಒಳ್ಳೆಯವಳು, ಆದರೆ ಅವಳ ಬಾಯಿಯಲ್ಲಿ ನೆನೆಸಿದ ಕಾಳೂ ನಿಲ್ಲದು. ಅಳುತ್ತಾಳೆ, ಕಿರಿಚುತ್ತಾಳೆ, ಬೆಳಗಾಗುವುದರೊಳಗೆ ಯೇಸನ್‌ಗೆ ಗೊತ್ತಾಗುತ್ತದೆ. ಕೇಳಿದವರನ್ನೂ ಬಿಡಲ್ಲ ಎಂದಿದ್ದಾನೆ. ಬಿಸಿತುಪ್ಪವನ್ನು ನುಂಗಿದ ಹಾಗೆ ಮಾತನ್ನು ನುಂಗಿ, "ಬೇಗ ಮನೆಗೆ ಹೋಗಿ, ಮಳೆ ಬರೋ ಹಾಗಿದೆ" ಎಂದಳು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಂಚಾಯಿತಿ ಮನೆಯ ಚಾವಡಿಯಲ್ಲಿ ಊರಿಗೆ ಊರೇ ಸೇರಿತು. ಹೆಂಗಸರು ತೊಳೆದ ಬುಟ್ಟಿಗಳನ್ನು ಜೊತೆಗೇ ತಂದಿದ್ದರು. ಗೋಡೆಗೊರಗಿ ಒಂದಿಷ್ಟು ಗಂಡಸರು ನಿಂತಿದ್ದರು. ಪಂಚಾಯಿತಿ ಯಜಮಾನ ದೊನ್ ಎವಾರಿಸ್ತೊ ಎಲ್ಲರಿಗೂ ಹೂಂ ಎನ್ನುವ ಸಾಧು ಮನುಷ್ಯ. ಅವನು ಅಳತೆ ಬಳೆಯನ್ನು ಎಲ್ಲರಿಗೂ ತೋರಿಸಿ ಎಲೋಡಿಯಾಳ ಕೈಗೆ ಕೊಟ್ಟ.

ಮೊದಲನೆಯದು ಬಳೆಯೊಳಗಿಂದ ಜಾರಿ ಹಲಗೆಯ ಮೇಲೆ ಟಕ್ ಎಂದು ಬಿತ್ತು. ಎರಡನೆಯದೂ ಬಿತ್ತು. ಹತ್ತಾಗುವಷ್ಟರಲ್ಲಿ ಮಾತು ನಿಂತಿತು. ಇಪ್ಪತ್ತಾಗುವಷ್ಟರಲ್ಲಿ ಯಾರೋ "ಅಯ್ಯೋ ದೇವರೇ" ಎಂದರು. ನಲವತ್ತೂ ಬಿದ್ದವು.

"ಇದೆಂಥದ್ದು?" ಎಂದು ಎದ್ದಳು ಹೊನೋರಿನಾ. ಐದು ಮಕ್ಕಳ ತಾಯಿ, ಹಸಿವೆಯ ಜೊತೆ ನಾಲಿಗೆಯೂ ಚೂಪಾಗಿತ್ತು. "ಹನ್ನೊಂದು ತಿಂಗಳು ಮಲಗಿದ್ದು ಬೆಳೆಯೋದು ಬಿಟ್ಟು ಕುಗ್ಗಿಬಿಡ್ತಾ?"

"ನೀರು ಬಿಸಿ" ಎಂದಳು ಎಲೋಡಿಯಾ. ಹೇಳಿ ಹೇಳಿ ಕಲಿತ ಪಾಠದ ಹಾಗಿತ್ತು ದನಿ. "ಎಲ್ಲಾ ತೋಡಲ್ಲೂ ನೋಡ್ತಿದ್ದೀರಲ್ಲ. ಬೆಳವಣಿಗೆ ನಿಂತಿದೆ. ಡಿಸೆಂಬರ್ ಕಳೀಲಿ."

ಜನ ಮುಖ ಮುಖ ನೋಡಿಕೊಂಡರು. ಒಬ್ಬಳು ಸುಮ್ಮನೆ ಬುಟ್ಟಿಯನ್ನು ತಲೆಕೆಳಗೆ ಮಾಡಿ ಅದರ ಮೇಲೆ ಕೂತಳು. ನಂಬಿದರು! ಬೈಯುತ್ತ, ನಿಟ್ಟುಸಿರುಬಿಡುತ್ತ, ಆದರೂ ನಂಬಿದರು. ಎಲೋಡಿಯಾಳ ಮಾತಿಗೆ ಅಷ್ಟು ಬೆಲೆಯಿತ್ತು. ಇನ್ನೇನು ಮುಗಿಯಿತು ಎನ್ನುವಾಗ ರೋಸ್ಮೀರಾ ಬಗ್ಗಿ, ಹಲಗೆಯಿಂದ ಒಂದು ಬಳಚು ಎತ್ತಿಕೊಂಡಳು. ಅವಳಿಗೆ ಅನುಮಾನವೇನೂ ಇರಲಿಲ್ಲ. ಸತ್ತ ಮಗುವನ್ನು ನೋಡುವ ಹಾಗೆ ನೋಡಲು ಎತ್ತಿಕೊಂಡಳು, ಅಷ್ಟೇ.

"ಕೊಮಾದ್ರೆ, ತೊಳ್ದಿದ್ದೀಯಲ್ಲೇ" ಎಂದಳು.

ಮಾದರಿ ಬುಟ್ಟಿಯನ್ನು ತೊಳೆಯುವ ಪದ್ಧತಿ ಇಲ್ಲ. ಕೆಸರಿನ ಸಮೇತ ತಂದು, ಅಲ್ಲೇ ಒರೆಸಿ, ಬಳೆಗೆ ಬಿಡಬೇಕು. ಯಾವ ತೋಡಿನದು ಎಂದು ಎಲ್ಲರಿಗೂ ಕಾಣಲಿ ಎಂದೇ ಆ ಪದ್ಧತಿ. ಹದಿನೇಳು ವರ್ಷ ಅದನ್ನು ನಡೆಸಿದವಳೂ ಇವಳೇ.

ರೋಸ್ಮೀರಾ ಸೊಂಟದ ಚಾಕುವಿನಿಂದ ಚಿಪ್ಪನ್ನು ಬಿಡಿಸಿದಳು. ಕೀಲಿನ ಸಂದಿಯಲ್ಲಿ, ತೊಳೆದರೂ ಹೋಗದ ಕೆಸರು ಕಪ್ಪಗಿತ್ತು. "ಇದು ಏಡಿ ತೋಡಿಂದು" ಎಂದಳು ಮೆಲ್ಲಗೆ.

ಸಾಕಾಯಿತು. ಹೊನೋರಿನಾ ಎರಡು ಕೈಯನ್ನೂ ಸೊಂಟಕ್ಕಿಟ್ಟಳು. "ನೋಡಿದ್ರಾ? ಬೇಲಿನೇ ಎದ್ದು ಹೊಲ ಮೇಯ್ತು! ನಮ್ಮನ್ನ ಹನ್ನೊಂದು ತಿಂಗಳು ಒಣಗಿಸಿ, ಒಳಗೆ ಕೊಬ್ಬಿದ ಬಳಚನ್ನ ತನಗೇ ಇಟ್ಕೊಂಡಿದ್ದಾಳೆ!"

"ಬಾಯ್ಮುಚ್ಚೇ, ಹೊನೋರಿನಾ" ಎಂದು ಗದರಿದಳು ರೋಸ್ಮೀರಾ. "ಅವಳು ಹೇಳ್ಲಿ. ಹೇಳು ಕೊಮಾದ್ರೆ, ಮೊಸಳೆ ತೋಡಿಗೆ ಹೋಗಿದ್ಯೋ ಇಲ್ವೋ?"

ಎಲೋಡಿಯಾ ಅಳತೆ ಬಳೆಯನ್ನು ಕೈಯಲ್ಲಿ ತಿರುಗಿಸುತ್ತ ನಿಂತಳು.

"ಅವಳನ್ನೇನು ಕೇಳೋದು? ನಾಳೆ ಒಂಬತ್ತಕ್ಕೆ ಇಳಿತ. ನಾವೇ ಹೋಗಿ ಇಳಿದು ನೋಡೋಣ!" ಎಂದಳು ಹೊನೋರಿನಾ. "ಹೂಂ, ಹೋಗೋಣ, ಹೋಗೋಣ" ಎಂದು ನಾಲ್ಕೂ ಕಡೆಯಿಂದ ಎದ್ದಿತು. "ನೋಡಿ ಬರ್ಲಿ ಬಿಡಿ, ತಪ್ಪೇನು" ಎಂದ ದೊನ್ ಎವಾರಿಸ್ತೊ. ದೇಯ್ಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಾನೂ ಬರ್ತೀನಿ, ನನಗೆ ಆ ತೋಡಿನ ಬೇರುಬೇರೂ ಗೊತ್ತು" ಎಂದಳು.

ಎಲೋಡಿಯಾ ಗೋಡೆಗೊರಗಿದ ಗಂಡಸರನ್ನು ನೋಡಿದಳು. ಅವರಲ್ಲಿ ಯಾರದು ಆ ಕಿವಿ? ಹೆಂಗಸರಲ್ಲೇ ಯಾರದೋ ಇರಬಹುದು. ಸಿಡಿಮದ್ದಿದೆ ಎಂದರೆ ಇಡೀ ಚಾವಡಿ ಕೇಳಿದ ಹಾಗಾಗುತ್ತದೆ, ಕೇಳಿದವರನ್ನು ಬಿಡುವುದಿಲ್ಲ. ಸುಮ್ಮನಿದ್ದರೆ ನಾಳೆ ಒಂಬತ್ತಕ್ಕೆ ಇವರೆಲ್ಲ ಬರಿಗಾಲಿನಲ್ಲಿ ಆ ಕೆಸರಿಗಿಳಿಯುತ್ತಾರೆ, ಎಲ್ಲರಿಗಿಂತ ಮುಂದೆ ದೇಯ್ಸಿ. ಅಯ್ಯೋ, ಒಂದು ಗಳಿಗೆ ಕೂತು ಯೋಚಿಸಲು ಬಿಟ್ಟಿದ್ದರೂ ಆಗುತ್ತಿತ್ತು. ಯಾರೂ ಬಿಡಲಿಲ್ಲ.

"ಹೋಗ್ಬೇಡಿ" ಎಂದಳು. "ಅಲ್ಲಿ ಏನೂ ಇಲ್ಲ. ಹೊನೋರಿನಾ ಹೇಳಿದ್ದು ನಿಜ. ನಾನೇ ಬಾಚಿಕೊಂಡೆ."

ಗೋಡೆಗೊರಗಿದ್ದ ಗಂಡಸರೂ ಹತ್ತಿರ ಬಂದರು. ಅವಳು ಬಿಡದೆ ಹೇಳಿದಳು.

"ದೊಡ್ಡದು, ಸಣ್ಣದು, ಬೀಜದ್ದು, ಒಂದನ್ನೂ ಬಿಟ್ಟಿಲ್ಲ. ಗಡಿಯಾಚೆಯ ದೋಣಿಗೆ ಮಾರಿದೆ. ಇನ್ನು ಮೂರು ವರ್ಷ ಅಲ್ಲಿ ಕೈಹಾಕಿದ್ರೆ ಬರೀ ಕೆಸರು ಸಿಗತ್ತೆ. ಅದಕ್ಕೇ ಏಡಿ ತೋಡಿಂದ ತಂದು ತೋರ್ಸಿದ್ದು."

"ಸುಳ್ಳು" ಎಂದಳು ರೋಸ್ಮೀರಾ.

ಎಲೋಡಿಯಾ ಎಣಿಸದೇ ಇದ್ದದ್ದು ಇದನ್ನೇ. ಊರೆಲ್ಲ ನಂಬಿತ್ತು, ಪ್ರೀತಿಸಿದವಳು ನಂಬಲಿಲ್ಲ.

"ಸುಳ್ಳು ಹೇಳ್ತಿದ್ದಾಳೆ! ನನಗೆ ಗೊತ್ತಿಲ್ವಾ ನನ್ನ ಕೊಮಾದ್ರೆ? ಮರಿ ತೆಗೆದ್ರೆ ಹೆತ್ತ ಮಗಳಾದ್ರೂ ಬಾರಿಸೋಳು ಇವಳು. ಏನೋ ಆಗಿದೆ ಇವಳಿಗೆ. ನಾಳೆ ನಾನೇ ಮೊಸಳೆ ತೋಡಿಗೆ ಹೋಗ್ತೀನಿ. ಬುಟ್ಟಿ ತುಂಬ ತಂದು ನಿಮ್ಮೆಲ್ಲರ ಮುಖಕ್ಕೆ ಎಸೀತೀನಿ. ದೇಯ್ಸಿ, ನೀನೂ ಬಾ!"

ಎಲೋಡಿಯಾಗೆ ಆ ಕ್ಷಣ ಸತ್ತುಹೋಗಬೇಕು ಎನ್ನಿಸಿತು. ಅವಳು ಕೊಮಾದ್ರೆಯ ಹತ್ತಿರ ಹೋಗಿ ನಿಂತಳು, ಕಣ್ಣಿಗೆ ಕಣ್ಣಿಟ್ಟು ನೋಡಿದಳು. ಜೀವಮಾನದಲ್ಲಿ ಯಾರಿಗೂ ಆಡದ ಮಾತನ್ನು ಹುಡುಕಬೇಕಿತ್ತು, ಹುಡುಕಿದಳು.

"ನೀನು ಶುದ್ಧ ಪೆದ್ದಿ ಕಣೇ ರೋಸ್ಮೀರಾ. ದಿನಾ ಸಂಜೆ ಬಾಳೆಕಾಯಿ ತಟ್ಟೆ ಹಿಡ್ಕೊಂಡು ಬರ್ತಿದ್ಯಲ್ಲ, ನೀನು ಮೆಟ್ಟಿಲು ಇಳಿದ ಮೇಲೆ ನಾನು ತೆಂಗಿನ ಹಾಲಿನ ಅನ್ನ, ಸಿಗಡಿ ಉಣ್ತಿದ್ದೆ. ನಿನ್ನ ಬಾಳೆಕಾಯಿ ಹಂದಿಗೆ ಹಾಕ್ತಿದ್ದೆ. ನಿನ್ನ ಮಗಳು ಬಸುರಿಯಾದ್ರೆ ನಾನ್ಯಾಕೆ ಹಸ್ಕೊಂಡಿರ್ಬೇಕು? ಅವಳ ಹೊಟ್ಟೆ ತುಂಬಿಸಿದವನು ನಾನಾ?"

ರೋಸ್ಮೀರಾ ಕೈಯಲ್ಲಿದ್ದ ಬಿಡಿಸಿದ ಚಿಪ್ಪನ್ನು ಹಲಗೆಯ ಮೇಲೆ ಇಟ್ಟಳು, ಎಸೆಯಲಿಲ್ಲ, ಇಟ್ಟಳು.

"ನನ್ನ ಮಗೂನ ದೇವರ ಮುಂದೆ ನಿನ್ನ ಕೈಗೆ ಕೊಟ್ಟಿದ್ದೆ" ಎಂದಳು. "ಇವತ್ತಿಂದ ನನ್ನ ಕೊಮಾದ್ರೆ ಅನ್ಬೇಡ. ದಾರೀಲಿ ಸಿಕ್ರೂ ಅನ್ಬೇಡ."

ಆಮೇಲಿನದು ಬೇಗ ಮುಗಿಯಿತು. ಬಳೆಯನ್ನು ಎಲೋಡಿಯಾಳ ಕೈಯಿಂದ ಕಿತ್ತುಕೊಂಡರು. ಅವಳ ದೋಣಿ ಯಾವ ತೋಡಿಗೂ ಮೂರು ವರ್ಷ ಇಳಿಯಕೂಡದು ಎಂದು ತೀರ್ಮಾನವಾಯಿತು. ಒಬ್ಬಳು ಉಗಿದಳು, ಇನ್ನೊಬ್ಬಳು ಅಳತೆಗೆಂದು ತಂದ ಮರಿ ಬಳಚನ್ನು ಹಿಡಿ ಹಿಡಿಯಾಗಿ ಅವಳ ಮೈಮೇಲೆ ಎರಚಿದಳು. ಹೊಸದಾಗಿ ತೋಡು ಕಾಯುವವಳು ಯಾರು ಎಂದು ದೊನ್ ಎವಾರಿಸ್ತೊ ಕೇಳಿದಾಗ ಎಲ್ಲರ ಕೈಯೂ ರೋಸ್ಮೀರಾಳ ಕಡೆಗೇ ಎದ್ದಿತು. ರೋಸ್ಮೀರಾ ಬಳೆಯನ್ನು ತೆಗೆದುಕೊಂಡಳು. ಮೂಗು ಒರೆಸಿಕೊಂಡು, ಒಡೆದ ದನಿಯಲ್ಲಿ ಮೊದಲನೇ ಅಪ್ಪಣೆ ಕೊಟ್ಟಳು.

"ಮೊಸಳೆ ತೋಡಿಗೆ ಮೂರು ವರ್ಷ ವಿಶ್ರಾಂತಿ. ಬೀಜ ಮತ್ತೆ ಕೂರ್ಲಿ. ಇವತ್ತೇ ಹೊಸ ಬಟ್ಟೆ ಕಟ್ತೀನಿ. ಯಾರೂ ಒಳಗೆ ಕಾಲಿಡಕೂಡದು, ನೋಡಕ್ಕೂ ಕೂಡದು. ಇಟ್ಟೋರ ಕಾಲು ನಾನೇ ಮುರೀತೀನಿ."

ಎಲೋಡಿಯಾ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕಳ್ಳಿಗೆ ಈಗ ನಾಚಿಕೆ ಬಂತು ಎಂದುಕೊಂಡು ಜನ ಅವಳನ್ನು ದಾಟಿಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಇಳಿತದ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಯಾರೂ ಕೂಗಿ ಕರೆಯಲಿಲ್ಲ. ದೋಣಿಗಳು ಒಂದರ ಹಿಂದೆ ಒಂದು ಅವಳ ಮನೆಯ ಮುಂದೆಯೇ ಹಾದುಹೋದವು, ಹೊಗೆಯ ಡಬ್ಬಿಗಳ ವಾಸನೆ ಬಿಟ್ಟುಕೊಂಡು. ಮುಂದೆ ನೀರು ಎರಡಾಗಿ ಒಡೆಯುತ್ತದೆ. ಎಡಕ್ಕೆ ಹೋದರೆ ಮೊಸಳೆ ತೋಡು, ಬಲಕ್ಕೆ ಹೋದರೆ ಉಳಿದವು. ಅವಳು ಉಸಿರು ಹಿಡಿದು ಎಣಿಸಿದಳು. ಹೊನೋರಿನಾಳದು ಬಲಕ್ಕೆ ತಿರುಗಿತು. ಅದರ ಹಿಂದಿನದೂ ಬಲಕ್ಕೆ. ಹದಿಮೂರು ತಿರುಗಿದವು. ಕೊನೆಯದು ರೋಸ್ಮೀರಾಳದು. ಅವಳು ಬೆನ್ನು ತಿರುಗಿಸಿ ಕೂತು ಹುಟ್ಟು ಹಾಕುತ್ತಿದ್ದಳು. ಮೂತಿಯಲ್ಲಿ ಕೂತಿದ್ದ ದೇಯ್ಸಿ ಮಾತ್ರ ಮನೆಯ ಕಡೆ ನೋಡಿದಳು. ಅಭ್ಯಾಸಬಲದಿಂದ ಎಲೋಡಿಯಾಳ ಕೈ ಅರ್ಧ ಮೇಲೆದ್ದಿತ್ತು.

"ಕಳ್ಳಿ!" ಎಂದು ಕೂಗಿದಳು ದೇಯ್ಸಿ, ಗಂಟಲು ಹರಿಯುವ ಹಾಗೆ. "ಕಳ್ಳಿ! ಕಳ್ಳಿ!"

ಆ ದೋಣಿಯೂ ಬಲಕ್ಕೆ ತಿರುಗಿತು. ಕೂಗು ಕಾಂಡ್ಲಾ ಮರಗಳ ಹಿಂದಿನಿಂದಲೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಕೂಗಲಿ, ಎಂದುಕೊಂಡಳು ಎಲೋಡಿಯಾ. ಎರಡೂ ಕಾಲಿದೆ, ಹೊಟ್ಟೆಯಲ್ಲಿ ಮಗುವಿದೆ, ಕೂಗಲಿ.